ಬೀಜಗಣಿತದ ಕಲಿಕೆಯಲ್ಲಿ ಮನೆಪಾಠದ ಪಾತ್ರ

ಅಂಕಗಣಿತದಲ್ಲಿ ಚುರುಕಾಗಿದ್ದ ಬಾಲಕನು ಬೀಜಗಣಿತದ ಹೊಸ್ತಿಲಲ್ಲಿ ಎಡವುವುದು ಶಾಲೆಗಳಲ್ಲಿ ನಿತ್ಯವೂ ಕಾಣುವ ಸಂಗತಿ. ಮಗ್ಗಿಯನ್ನು ನಿರರ್ಗಳವಾಗಿ ಒಪ್ಪಿಸುತ್ತಿದ್ದವನು, ಸಂತೆಯಲ್ಲಿ ತಾಯಿಯ ಮಗ್ಗುಲಲ್ಲಿ ನಿಂತು ಚಿಲ್ಲರೆಯ ಲೆಕ್ಕವನ್ನು ಥಟ್ಟನೆ ಹೇಳುತ್ತಿದ್ದವನು, ಅಂಕಿಯ ಪಕ್ಕದಲ್ಲಿ ಒಂದು ಅಕ್ಷರ ಬಂದು ಕುಳಿತೊಡನೆ ಮೂಕನಾಗುತ್ತಾನೆ. ಎಂಟನೆಯ ಇಯತ್ತೆಯಲ್ಲಿ ಹುಟ್ಟಿದ ಈ ಮೌನವು ಹತ್ತನೆಯ ಇಯತ್ತೆಯ ಪರೀಕ್ಷೆಯವರೆಗೂ ಅವನನ್ನು ಹಿಂಬಾಲಿಸುತ್ತದೆ. ಘಟಪ್ರಭೆಯ ನೆರೆಯ ಕೊಣ್ಣೂರಿನಂಥ ಊರಿನಲ್ಲಿ ಇದು ಅಂಕಪಟ್ಟಿಗಷ್ಟೇ ಸಂಬಂಧಿಸಿದ ಮಾತಲ್ಲ. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ತಲೆಯೆತ್ತಿದಂದಿನಿಂದ ಗಿರಣಿಯ ಪಾಳಿಯನ್ನೂ ಹೊಲದ ದುಡಿಮೆಯನ್ನೂ ನಂಬಿ ತಲೆಮಾರುಗಳು ಬಾಳಿದ ಸೀಮೆಯಿದು. ಪ್ರೌಢಶಾಲೆಯ ಮೆಟ್ಟಿಲನ್ನು ಮನೆತನದಲ್ಲಿ ಮೊದಲಿಗನಾಗಿ ಏರಿದ ಹುಡುಗನಿಗೆ, ಏರಿದ ಹುಡುಗಿಗೆ, ರಾತ್ರಿ ಸಮೀಕರಣವೊಂದು ಬಿಡಿಸಲಾರದೆ ನಿಂತಾಗ ಕೇಳುವುದಕ್ಕೆ ಮನೆಯಲ್ಲಿ ಯಾರೂ ಇರುವುದಿಲ್ಲ. ಎಸ್.ಎಸ್.ಎಲ್.ಸಿ.ಯ ಗಣಿತದಲ್ಲಿ ನಪಾಸಾದ ಮಗುವಿಗೆ ಮುಂದಿನ ಎಷ್ಟು ಬಾಗಿಲುಗಳು ಮುಚ್ಚುತ್ತವೆಂಬುದನ್ನು ಶಿಕ್ಷಕರಿಗೆ ವಿವರಿಸಬೇಕಾಗಿಲ್ಲ.

ಇಂಥ ಮಕ್ಕಳಿಗೆ ಮನೆಪಾಠದಿಂದ ಪ್ರಯೋಜನವಾಗುವುದೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಹೇಗೆ ಆಗುವುದೆಂದು ವಿಚಾರಿಸುವವರು ವಿರಳ. ಮೊದಲು ಪದದ ಅರ್ಥವನ್ನು ಗೊತ್ತುಪಡಿಸಿಕೊಳ್ಳುವುದು ಲೇಸು. ಬೆಳಗಾವಿ ಸೀಮೆಯಲ್ಲಿ ಶಿಕವಣಿಯೆಂದೂ ಈಚೆಗೆ ಎಲ್ಲೆಡೆ ಟ್ಯೂಷನ್ ಎಂದೂ ಕರೆಯುವ ಪದ್ಧತಿಯಲ್ಲಿ ಎರಡು ಬಗೆಯ ವಸ್ತುಗಳು ಬೆರೆತುಹೋಗಿವೆ. ಅರವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ತುಂಬಿ, ಹಲಗೆಯ ಮೇಲೆ ಅದೇ ಲೆಕ್ಕವನ್ನು ಇನ್ನೊಮ್ಮೆ ಬರೆದು ತೋರಿಸುವುದು ಎರಡನೆಯ ಶಾಲೆಯೇ ಹೊರತು ಮನೆಪಾಠವಲ್ಲ. ಶುಲ್ಕ ಬೇರೆ ಎಂಬ ಮಾತ್ರಕ್ಕೆ ಗುಣ ಬೇರೆಯಾಗದು. ಒಬ್ಬ ಕಲಿಸುವವನು ಒಬ್ಬನ ಅಥವಾ ಇಬ್ಬರ ಬಳಿ ಕುಳಿತು, ಅವರ ಪಾಟಿಯ ಮೇಲೆ ಕಣ್ಣಿಟ್ಟು, ಅವರ ಮಾತಿಗೆ ಕಿವಿಗೊಟ್ಟು ನಡೆಸುವ ಪಾಠವನ್ನೇ ಇಲ್ಲಿ ಮನೆಪಾಠವೆಂದು ತಿಳಿಯತಕ್ಕದ್ದು. ಅದು ಮನೆಯಲ್ಲಿ ನಡೆದೀತು, ಶಾಲೆಯ ಜಗಲಿಯಲ್ಲಿಯೂ ನಡೆದೀತು.

ಬೀಜಗಣಿತಕ್ಕೇ ಇದರ ಅಗತ್ಯ ಹೆಚ್ಚೇಕೆ? ಉತ್ತರವು ಆ ಶಾಸ್ತ್ರದ ಹಳೆಯ ಹೆಸರಿನಲ್ಲಿಯೇ ಅಡಗಿದೆ. ಪ್ರಾಚೀನರು ಅಂಕಗಣಿತವನ್ನು ವ್ಯಕ್ತಗಣಿತವೆಂದೂ ಬೀಜಗಣಿತವನ್ನು ಅವ್ಯಕ್ತಗಣಿತವೆಂದೂ ಕರೆದರು. ವ್ಯಕ್ತವಾದುದನ್ನು ಬೆರಳಿಟ್ಟು ತೋರಿಸಬಹುದು. ಅವ್ಯಕ್ತವನ್ನು ಮನಸ್ಸಿನಲ್ಲಿ ಹಿಡಿಯಬೇಕು. ಒಬ್ಬ ವಿದ್ಯಾರ್ಥಿ ಅದನ್ನು ಯಾವ ರೂಪದಲ್ಲಿ ಹಿಡಿದಿದ್ದಾನೆಂಬುದು ಹೊರಗಿನಿಂದ ಕಾಣುವುದಿಲ್ಲ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ಮೊದಲನೆಯ ಅವ್ಯಕ್ತಕ್ಕೆ ‘ಯಾವತ್ ತಾವತ್’ ಎಂಬ ಹೆಸರನ್ನೇ ಬಳಸುತ್ತಾನೆ. ‘ಎಷ್ಟೋ ಅಷ್ಟು’ ಎಂಬುದು ಅದರ ಅರ್ಥ. ಅವ್ಯಕ್ತಗಳು ಹೆಚ್ಚಾದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಬರೆಯುವಾಗ ಯಾ, ಕಾ, ನೀ, ಪೀ ಎಂಬ ಮೊದಲಕ್ಷರಗಳು. ಒಂದೇ ಅವ್ಯಕ್ತವುಳ್ಳ ಪ್ರಕರಣಕ್ಕೆ ಏಕವರ್ಣ ಸಮೀಕರಣವೆಂದೂ ಹಲವುಳ್ಳದ್ದಕ್ಕೆ ಅನೇಕವರ್ಣ ಸಮೀಕರಣವೆಂದೂ ಸಂಜ್ಞೆ. ವರ್ಣವೆಂದರೆ ಬಣ್ಣವೂ ಹೌದು, ಅಕ್ಷರವೂ ಹೌದೆಂಬುದು ಸಂಸ್ಕೃತದ ಸೌಲಭ್ಯ. ಈ ಹೆಸರುಗಳಲ್ಲಿ ಒಂದು ಜಾಣ್ಮೆಯಿದೆ. ಕಪ್ಪು ನೀಲಿಗಳನ್ನು ಯಾವ ಹುಡುಗನೂ ಕಾಳು ಬೆಲ್ಲಗಳೆಂದು ತಪ್ಪಾಗಿ ತಿಳಿಯಲಾರ.

ಈ ಲೇಖನದಲ್ಲಿ ಅವ್ಯಕ್ತಕ್ಕೆ ‘ಕ್ಷ’ ಎಂಬ ಅಕ್ಷರವನ್ನು ಬಳಸಿದೆ. 1895ರಲ್ಲಿ ರಾಂಟ್‌ಜೆನ್ ಎಂಬ ವಿಜ್ಞಾನಿ ತಾನು ಕಂಡ, ಆದರೆ ಸ್ವರೂಪವರಿಯದ ಕಿರಣಕ್ಕೆ ಗಣಿತದ ಅಜ್ಞಾತಾಕ್ಷರವನ್ನೇ ಇಟ್ಟನು. ಕನ್ನಡವು ಅದನ್ನು ಕ್ಷಕಿರಣವೆಂದು ಕರೆದುಕೊಂಡಿತು. ಆಸ್ಪತ್ರೆಯಲ್ಲಿ ಆ ಪದವನ್ನು ಕೇಳಿದ ಮಕ್ಕಳಿಗೆ ಇದನ್ನು ತಿಳಿಸಿದರೆ ಅಕ್ಷರದ ಅಂಜಿಕೆ ತುಸು ಕಡಿಮೆಯಾಗುತ್ತದೆ.

ಈಗ ತಪ್ಪುಗಳ ಕಡೆಗೆ ಬರೋಣ. ಮನೆಪಾಠದ ಬೆಲೆ ತಿಳಿಯುವುದು ತಪ್ಪುಗಳ ಬಳಿಯಲ್ಲಿ. ಒಂದು ಲೆಕ್ಕವಿದೆಯೆನ್ನೋಣ: ಒಂದು ಪೆಟ್ಟಿಗೆಯಲ್ಲಿ ಕ್ಷ ತುಂಡು ಕರದಂಟು ಇವೆ; ಅಂಥ ಮೂರು ಪೆಟ್ಟಿಗೆಗಳೂ ಬಿಡಿಯಾದ 5 ತುಂಡುಗಳೂ ಕೂಡಿ 41 ತುಂಡುಗಳಾದರೆ ಪೆಟ್ಟಿಗೆಯೊಂದರಲ್ಲಿ ಎಷ್ಟು? ವಿದ್ಯಾರ್ಥಿಯು 3ಕ್ಷ + 5 = 41 ಎಂದು ಸರಿಯಾಗಿಯೇ ಬರೆದು, ಮರುಸಾಲಿನಲ್ಲಿ 8ಕ್ಷ = 41 ಎಂದು ಬರೆದು ನಿಲ್ಲುತ್ತಾನೆ. ತರಗತಿಯಲ್ಲಿ ಇದಕ್ಕೆ ಕೆಂಪು ಗೆರೆ ಬೀಳುತ್ತದೆ, ಸಜಾತಿ ಪದಗಳನ್ನು ಮಾತ್ರ ಕೂಡಿಸಬೇಕೆಂಬ ನಿಯಮವನ್ನು ಮತ್ತೊಮ್ಮೆ ಹೇಳಲಾಗುತ್ತದೆ. ಐವತ್ತು ಮಕ್ಕಳಿದ್ದಲ್ಲಿ ಇದಕ್ಕಿಂತ ಹೆಚ್ಚು ಮಾಡುವುದು ಯಾವ ಶಿಕ್ಷಕನಿಗೂ ಕಷ್ಟ. ಬಳಿಯಲ್ಲಿ ಕುಳಿತವನ ಪಾಠವಾದರೋ ಹೀಗೆ ಸಾಗಬಹುದು.

“ತಮ್ಮಾ, ಈ ಕ್ಷ ಅಂದರ ಏನು?”

“ಕರದಂಟ್ರಿ ಸರ.”

“ಕರದಂಟೋ, ಪೆಟ್ಟಿಗಿಯೋ?”

“ಪೆಟ್ಟಿಗಿ ಇರಬೇಕ್ರಿ.”

“ಪೆಟ್ಟಿಗಿಯೊಳಗ ಎಷ್ಟು ತುಂಡು ಅದಾವು, ಗೊತ್ತೈತೇನು?”

“ಇಲ್ರಿ.”

“ಆ ಗೊತ್ತಿಲ್ಲದ ‘ಎಷ್ಟು’ ಐತೆಲ್ಲ, ಅದಕ್ಕ ಕ್ಷ ಅಂತ ಹೆಸರು. ಈಗ ಹತ್ತು ಅದಾವು ಅಂತ ತಿಳಿ. ಮೂರು ಪೆಟ್ಟಿಗಿ, ಮ್ಯಾಲ ಐದು. ಎಷ್ಟಾತು?”

“ಮೂವತ್ತೈದ್ರಿ.”

“ನೀ ಬರೆದ ಎಂಟು ಕ್ಷ ಪ್ರಕಾರ?”

“ಎಂಬತ್ತು... ಇಲ್ರಿ ಸರ, ತಪ್ಪೈತ್ರಿ.”

ಇಲ್ಲಿ ಕಲಿಸುವವನು ಸಜಾತಿ ಪದಗಳ ನಿಯಮವನ್ನು ಉಚ್ಚರಿಸಲೇ ಇಲ್ಲವೆಂಬುದನ್ನು ಗಮನಿಸಬೇಕು. ಹುಡುಗನ ಮನಸ್ಸಿನಲ್ಲಿ ಅಕ್ಷರವು ಸಂಖ್ಯೆಯಾಗಿರದೆ ವಸ್ತುವಾಗಿತ್ತು. ಮೂರು ಪೆಟ್ಟಿಗೆ, ಐದು ತುಂಡು, ಎಲ್ಲವೂ ಕರದಂಟೇ. ಆದ್ದರಿಂದ ಎಂಟು ಎಂಬುದು ಅವನ ತರ್ಕ. ತಪ್ಪಾದರೂ ಅದು ತರ್ಕವೇ. ಅದನ್ನು ಹೊರಗೆಡಹುವಂತೆ ಮಾಡಿದ್ದು ಒಂದು ಪ್ರಶ್ನೆ, ಮುರಿದದ್ದು ಅವನೇ ಮಾಡಿದ ಒಂದು ಸಣ್ಣ ಲೆಕ್ಕ. ಬಳಿಕ 3ಕ್ಷ = 36, ಕ್ಷ = 12 ಎಂಬುದನ್ನು ತಲುಪಲು ಅವನಿಗೆ ಹೆಚ್ಚು ನೆರವು ಬೇಕಾಗದು.

ಅಕ್ಷರವನ್ನು ವಸ್ತುವೆಂದು ಬಗೆಯುವ ಈ ಭ್ರಮೆ ಹಳ್ಳಿಯ ಮಕ್ಕಳಿಗೆ ಮಾತ್ರ ಮೀಸಲೆಂದು ಭಾವಿಸಲಾಗದು. ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆಂಬ ಹೇಳಿಕೆಯನ್ನು ಸಮೀಕರಣವಾಗಿ ಬರೆಯಿರೆಂದು ಅಮೆರಿಕದ ಇಂಜಿನಿಯರಿಂಗ್ ಪ್ರಥಮ ವರ್ಷದ ಸುಮಾರು 150 ವಿದ್ಯಾರ್ಥಿಗಳನ್ನು ಕೇಳಿದಾಗ ನೂರಕ್ಕೆ 37 ಮಂದಿ ತಪ್ಪಿದರೆಂದು 1981ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸುತ್ತದೆ. ವಿದ್ಯಾರ್ಥಿಗಳ ಸಂಖ್ಯೆ ವ, ಪ್ರಾಧ್ಯಾಪಕರ ಸಂಖ್ಯೆ ಪ ಆದರೆ ವ = 6ಪ ಆಗಬೇಕು; ತಪ್ಪಿದವರಲ್ಲಿ ಹೆಚ್ಚಿನವರು 6ವ = ಪ ಎಂದು ಬರೆದರು. ‘ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ’ ಎಂಬ ವಾಕ್ಯವನ್ನೇ ಚಿಹ್ನೆಗಳಲ್ಲಿ ನಕಲು ಮಾಡಿದ್ದರು.

ಎರಡನೆಯ ಎಡವುಗಲ್ಲು ಸಮಚಿಹ್ನೆ. ಸಮೀಕರಣವೆಂಬ ಶಬ್ದವನ್ನು ವೈಯಾಕರಣರು ಬಿಡಿಸುವ ರೀತಿ ಇಲ್ಲಿ ಉಪಯುಕ್ತ. ಸಮ ಶಬ್ದದ ಮೇಲೆ ಚ್ವಿ ಪ್ರತ್ಯಯ ಬಂದು ‘ಸಮೀ’ ಎಂದಾಗಿದೆ. ಮೊದಲು ಹಾಗಿಲ್ಲದುದು ಹಾಗೆ ಆಗುವಿಕೆ ಆ ಪ್ರತ್ಯಯದ ಅರ್ಥ. ಭಾಸ್ಕರನೂ ಎರಡು ಪಕ್ಷಗಳನ್ನು ಸರಿಗೊಳಿಸಬೇಕೆಂದೇ ವಿಧಿಸುತ್ತಾನೆ. ಸಮೀಕರಣವೆಂದರೆ ಎರಡು ತಟ್ಟೆಗಳ ತಕ್ಕಡಿ. ಆದರೆ ಐದು ವರ್ಷ ಅಂಕಗಣಿತ ಮಾಡಿದ ಮಗುವಿಗೆ ಸಮಚಿಹ್ನೆಯೆಂದರೆ ‘ಇಲ್ಲಿ ಉತ್ತರ ಬರೆ’ ಎಂಬ ಅಪ್ಪಣೆ ಮಾತ್ರ. 8 + 4 = __ + 5 ಎಂದು ಬರೆದು ಖಾಲಿ ಜಾಗವನ್ನು ತುಂಬಿಸಹೇಳಿದರೆ ಇದು ಬಯಲಾಗುತ್ತದೆ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರಿಶೀಲನೆಯಲ್ಲಿ ಆರನೆಯ ತರಗತಿಯ 145 ಮಕ್ಕಳಲ್ಲಿ ಎಲ್ಲರೂ 12 ಅಥವಾ 17 ಎಂದು ಬರೆದರು. 7 ಎಂದು ಬರೆದವರು ಒಬ್ಬರೂ ಇರಲಿಲ್ಲ. ಹನ್ನೆರಡೆಂದವರು ಎಡಗಡೆಯ ಮೊತ್ತವನ್ನು ಬರೆದು ಮುಗಿಸಿದ್ದರು, ಹದಿನೇಳೆಂದವರು ಕಂಡ ಅಂಕಿಗಳನ್ನೆಲ್ಲ ಕೂಡಿಸಿದ್ದರು. ಒಂದೇ ತಪ್ಪಿಗೆ ಎರಡು ಮೂಲಗಳು. ಎರಡಕ್ಕೂ ಒಂದೇ ಮದ್ದು ನಾಟದು. ಯಾವ ಮಗು ಯಾವ ದಾರಿಯಲ್ಲಿ ತಪ್ಪಿತೆಂಬುದು ಅದರ ಬಾಯಿಂದಲೇ ಬರಬೇಕು.

ಸಮಚಿಹ್ನೆಯನ್ನು ತಕ್ಕಡಿಯೆಂದು ಅರಿಯದವನಿಗೆ ಪಕ್ಷಾಂತರದ ನಿಯಮವು ಮಂತ್ರವಾಗಿ ಪರಿಣಮಿಸುತ್ತದೆ. ‘ಆ ಕಡೆ ಹೋದರೆ ಚಿಹ್ನೆ ಬದಲು’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿದ ಹುಡುಗಿ 3ಕ್ಷ = 12 ಎಂಬಲ್ಲಿ ಮೂರನ್ನು ಆ ಕಡೆಗೆ ಸಾಗಿಸಿ, ಚಿಹ್ನೆ ಬದಲಿಸಿ, ಕ್ಷ = 9 ಎಂದು ಬರೆಯುತ್ತಾಳೆ. ಅವಳು ಸೂತ್ರಕ್ಕೆ ದ್ರೋಹ ಬಗೆದಿಲ್ಲ. ಸೂತ್ರವೇ ಅವಳನ್ನು ಕೈಬಿಟ್ಟಿತು. ಹೀಗೆ ಎರಡು ಕಡೆಯಿಂದಲೂ ಒಂದೇ ತೂಕವನ್ನು ತೆಗೆಯುವುದು, ಎರಡು ಕಡೆಯನ್ನೂ ಒಂದೇ ಸಂಖ್ಯೆಯಿಂದ ಭಾಗಿಸುವುದು ಎಂಬ ಮೂಲಕ್ರಿಯೆಯನ್ನು ಕೆಲವು ವಾರ ಪೂರ್ಣವಾಗಿ ಬರೆಯಿಸದೆ ಪಕ್ಷಾಂತರದ ಅಡ್ಡದಾರಿಯನ್ನು ಕಲಿಸುವುದು ಅನುಚಿತ. ವೇಳೆ ಉಳಿಯುವುದೆಂಬ ಸಮಾಧಾನ ಮೊದಲ ಚಾಚಣಿಯವರೆಗೆ ಮಾತ್ರ. ಬಂದ ಉತ್ತರವನ್ನು ಮೂಲ ಸಮೀಕರಣದಲ್ಲಿಟ್ಟು ನೋಡುವ ಅಭ್ಯಾಸ ಇನ್ನೊಂದು ಕಾವಲು. ಮೂರು ಒಂಬತ್ತಲೆ ಇಪ್ಪತ್ತೇಳು, ಹನ್ನೆರಡಲ್ಲ. ತಾಳೆ ನೋಡುವುದನ್ನು ಕಲಿತ ಮಗುವಿಗೆ ತಪ್ಪನ್ನು ತೋರಿಸಲು ಇನ್ನೊಬ್ಬರು ಬೇಕಾಗಿಲ್ಲ.

ಋಣಸಂಖ್ಯೆಗಳ ವಿಷಯದಲ್ಲಿ ಈ ನಾಡಿನ ಪೂರ್ವಜರು ಇಂದಿನ ಎಷ್ಟೋ ಪಠ್ಯಗಳಿಗಿಂತ ಸುಲಭವಾದ ಮಾರ್ಗವನ್ನು ಹಾಕಿಕೊಟ್ಟಿದ್ದಾರೆ. 628ರಲ್ಲಿ ಬ್ರಹ್ಮಗುಪ್ತನು ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಧನ, ಋಣ, ಶೂನ್ಯಗಳ ಸಂಕಲನ, ವ್ಯವಕಲನ, ಗುಣಾಕಾರಗಳಿಗೆ ನಿಯಮಗಳನ್ನು ಹೇಳಿದನು. ಧನವೆಂದರೆ ಕೈಯಲ್ಲಿರುವ ಹಣ, ಋಣವೆಂದರೆ ಸಾಲ. ಋಣವನ್ನು ಋಣದಿಂದ ಗುಣಿಸಿದರೆ ಧನವೇಕೆ ಎಂದು ಕೇಳುವ ಮಗುವನ್ನು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಬಳಿಗೆ ಕರೆದೊಯ್ಯಬೇಕು. ತಿಂಗಳಿಗೆ 50 ರೂಪಾಯಿಯ ಉದ್ರಿ; ಅಂಗಡಿಯವನು ಮೂರು ತಿಂಗಳ ಉದ್ರಿಯನ್ನು ಹೊಡೆದುಹಾಕಿದನೆಂದರೆ ಮನೆಗೆ 150 ರೂಪಾಯಿ ಲಾಭ. ಸಾಲವನ್ನು ಕಳೆಯುವುದು ಗಳಿಕೆಗೆ ಸಮಾನ. ಮನೆಪಾಠದ ಅನುಕೂಲವೆಂದರೆ ಇಂಥ ದೃಷ್ಟಾಂತವನ್ನು ಆಯಾ ಮಗುವಿನ ಬದುಕಿನಿಂದಲೇ ಎತ್ತಿಕೊಳ್ಳಬಹುದು: ಅಂಗಡಿಯವನ ಮಗಳಿಗೆ ಉದ್ರಿ, ಒಕ್ಕಲುಮಗನಿಗೆ ಸಸಿಯ ಮಡಿ. ಅ + ಬ ಎಂಬುದರ ವರ್ಗವು ಅ, ಬಗಳ ವರ್ಗಗಳ ಮೊತ್ತವೇ ಎಂದು ಹಟ ಹಿಡಿದವನಿಗೆ ಸಾಲಿಗೆ 13ರಂತೆ 13 ಸಾಲು ಸಸಿ ನೆಡಹೇಳಿದರೆ ಸಾಕು. ಹತ್ತರ ವರ್ಗ ನೂರು, ಮೂರರ ವರ್ಗ ಒಂಬತ್ತು. ಉಳಿದ 60 ಸಸಿಗಳು ಮಡಿಯ ಎರಡು ಮಗ್ಗುಲಲ್ಲಿ ಮೂವತ್ತು ಮೂವತ್ತಾಗಿ ನಿಂತಿರುತ್ತವೆ.

ಹಾಗಾದರೆ ಮನೆಪಾಠದ ಶಕ್ತಿಯು ಹೆಚ್ಚು ವಿವರಿಸುವುದರಲ್ಲಿ ಇದೆಯೇ? ಪಾಠ ಹೇಳುವವರು ಸಾಮಾನ್ಯವಾಗಿ ಹಾಗೆಯೇ ನಂಬುತ್ತಾರೆ. ಪರೀಕ್ಷಿಸಿ ನೋಡಿದವರ ತೀರ್ಮಾನ ಬೇರೆ. ಏಳನೆಯ ತರಗತಿಯ ಬೀಜಗಣಿತದ ಮನೆಪಾಠವನ್ನೂ ಒಳಗೊಂಡ, 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಳಿ ಕುಳಿತು ಕಲಿಯುವ ವಿದ್ಯಾರ್ಥಿಯು ಗಂಟೆಗೆ ಸರಾಸರಿ 26ಕ್ಕೂ ಹೆಚ್ಚು ಪ್ರಶ್ನೆಗಳನ್ನು ಕೇಳುವನೆಂದು ಕಂಡುಬಂದಿತು. ತರಗತಿಯಲ್ಲಿ ಕುಳಿತ ವಿದ್ಯಾರ್ಥಿಯ ಪಾಲಿಗೆ ಅನೇಕ ಗಂಟೆಗಳಿಗೊಮ್ಮೆ ಒಂದು ಪ್ರಶ್ನೆಯೂ ಬರುವುದಿಲ್ಲ. ನಾಲ್ಕು ಜನರೆದುರು ನಗೆಗೀಡಾಗುವ ಭಯ ಎಷ್ಟು ಬಾಯಿಗಳನ್ನು ಮುಚ್ಚಿದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಪ್ರಶ್ನೆಗಳ ಎಣಿಕೆಗಿಂತ ಅವುಗಳ ಗುಣ ಮುಖ್ಯವೆಂದೂ ಅದೇ ಅಧ್ಯಯನ ಎಚ್ಚರಿಸುತ್ತದೆ. 2001ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ವಿವರಣೆ ಕೊಡಕೂಡದು, ವಿದ್ಯಾರ್ಥಿಯಿಂದಲೇ ಮಾತನಾಡಿಸಬೇಕೆಂದು ಕಲಿಸುವವರಿಗೆ ಕಟ್ಟುಮಾಡಿದರು. ಹಾಗೆ ಮಾಡಿದಾಗಲೂ ವಿದ್ಯಾರ್ಥಿಗಳು ಅಷ್ಟೇ ಚೆನ್ನಾಗಿ ಕಲಿತರು.

ಇದರಿಂದ ಕಲಿಸುವವನು ಸುಮ್ಮನೆ ಕುಳಿತರೆ ಸಾಕೆಂದು ಅರ್ಥಮಾಡಲಾಗದು. ತೀರ ಹೊಸಬನಿಗೆ ಮೊದಲು ಬಿಡಿಸಿದ ಲೆಕ್ಕಗಳನ್ನು ತೋರಿಸಬೇಕು. ಬೀಜಗಣಿತದ ಕಲಿಕೆಯಲ್ಲಿ ಹೊಸಬರು ತಾವೇ ಒದ್ದಾಡಿ ಬಿಡಿಸುವುದಕ್ಕಿಂತ, ಬಿಡಿಸಿಟ್ಟ ಒಂದು ಲೆಕ್ಕವನ್ನು ಓದಿ ಅದರಂಥದೇ ಇನ್ನೊಂದನ್ನು ಬಿಡಿಸುವುದು ಹೆಚ್ಚು ಫಲಕಾರಿಯೆಂದು ಆಸ್ಟ್ರೇಲಿಯಾದ ಸ್ವೆಲ್ಲರ್ ಮತ್ತು ಕೂಪರ್ ಎಂಬ ವಿದ್ವಾಂಸರು 1985ರಲ್ಲಿ ತೋರಿಸಿದರು. ಓದಿದ ಪ್ರತಿ ಸಾಲಿಗೂ ‘ಇದು ಹೀಗೇಕೆ’ ಎಂದು ವಿದ್ಯಾರ್ಥಿಯೇ ಕಾರಣ ಹೇಳುವಂತೆ ಮಾಡುವುದು ಕಲಿಸುವವನ ಕೆಲಸ. ಅವನು ಮೌನವಾಗಿರಬೇಕಾದುದು ಅನಂತರ. ಪೆನ್ಸಿಲು ನಿಂತಾಗ ಹತ್ತೆಣಿಸುವಷ್ಟು ಹೊತ್ತಾದರೂ ತಡೆಯಬೇಕು. ಈ ತಾಳ್ಮೆಯೇ ದುರ್ಲಭ.

ಮನೆಪಾಠದ ಫಲವನ್ನು ಅಳೆದವರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಪ್ರಸಿದ್ಧ. ಒಬ್ಬೊಬ್ಬರಾಗಿ ಪಾಠ ಹೇಳಿಸಿಕೊಂಡವರಲ್ಲಿ ಸರಾಸರಿ ವಿದ್ಯಾರ್ಥಿಯೂ ಸಾಮಾನ್ಯ ತರಗತಿಯ ನೂರಕ್ಕೆ 98 ಮಂದಿಯನ್ನು ಮೀರಿಸಿದನೆಂದು 1984ರಲ್ಲಿ ಆತ ಬರೆದನು. ಈ ಸಂಖ್ಯೆಯನ್ನು ಟ್ಯೂಷನ್ ಜಾಹೀರಾತಿನಂತೆ ಉದ್ಧರಿಸುವವರುಂಟು. 2011ರಲ್ಲಿ ವ್ಯಾನ್‌ಲೆನ್ ಎಂಬವರು ಅನೇಕ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಲಾಭವು ಅದರ ಅರ್ಧಕ್ಕೂ ಕಡಿಮೆಯೆಂದು ಕಂಡಿತು. ಅಷ್ಟಾದರೂ ಅದು ನಡುವಿನ ವಿದ್ಯಾರ್ಥಿಯನ್ನು ನೂರರಲ್ಲಿ 78ರ ಆಸುಪಾಸಿಗೆ ಏರಿಸುವಷ್ಟು ದೊಡ್ಡದು. ನಪಾಸಿನ ಗೆರೆಯ ಮೇಲೆ ತೂಗಾಡುವ ಮಗುವಿಗೆ ಬದುಕನ್ನೇ ಬದಲಿಸುವಷ್ಟು.

ಕನ್ನಡ ನಾಡಿಗೆ ಈ ಕ್ರಮ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದುದು ಶ್ಲೋಕಗಳಲ್ಲಿ. ಹನ್ನೆರಡನೆಯ ಶತಮಾನದ ಪೂವಿನಬಾಗೆಯ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ರಚಿಸಿ, ಸೂತ್ರಗಳನ್ನು ಪದ್ಯದಲ್ಲಿ ಹೇಳಿ, ಟೀಕನ್ನೂ ಉದಾಹರಣೆಗಳನ್ನೂ ಜೊತೆಗಿಟ್ಟನು. ಸೂತ್ರರೂಪದ ಗಣಿತವು ತಾನಾಗಿ ಅರ್ಥವಾಗತಕ್ಕದ್ದಲ್ಲ. ಅದು ಬಳಿಯಲ್ಲಿ ವ್ಯಾಖ್ಯಾನ ಮಾಡುವವನೊಬ್ಬನಿರುವನೆಂದು ನಂಬಿಯೇ ಹುಟ್ಟಿದ ಬರವಣಿಗೆ. ವ್ಯಾಖ್ಯಾನವು ಕಳಚಿಬಿದ್ದು ಸೂತ್ರವೊಂದೇ ಉಳಿದಾಗ ಆಗುವ ಅನರ್ಥವನ್ನೇ ಇಂದಿನ ‘ಆ ಕಡೆ ಹೋದರೆ ಚಿಹ್ನೆ ಬದಲು’ ತೋರಿಸುತ್ತದೆ.

ಉಳಿದದ್ದು ಹಣದ ಪ್ರಶ್ನೆ. ಶುಲ್ಕ ತೆರಬಲ್ಲವನಿಗೆ ಮಾತ್ರ ಮನೆಪಾಠವಾದರೆ, ಯಾರಿಗೆ ಮನೆಯಲ್ಲಿ ಕೇಳುವವರಿಲ್ಲವೋ ಅವರಿಗೇ ಅದು ಎಟುಕದು. ತರಗತಿಯಲ್ಲಿ ಅರ್ಧ ಹೇಳಿ ಮಿಕ್ಕರ್ಧವನ್ನು ಸಂಜೆಗೆ ಮಾರುವ ಪ್ರಲೋಭನೆಯೂ ಒಂದುಂಟು. 2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ಶಿಕ್ಷಕರ ಖಾಸಗಿ ಪಾಠವನ್ನು ನಿಷೇಧಿಸಿದ್ದು ಅಕಾರಣವಾಗಿ ಅಲ್ಲ. ಶುಲ್ಕವಿಲ್ಲದ ದಾರಿ ಹಳೆಯ ಕೂಲಿಮಠಗಳಲ್ಲಿಯೇ ಇತ್ತು. ಅಯ್ಯಗಳು ಹಿರಿಯ ಮಕ್ಕಳಿಗೆ ಪಾಠ ಹೇಳುವರು, ಹಿರಿಯ ಮಕ್ಕಳು ಕಿರಿಯರನ್ನು ಮರಳಿನ ಮೇಲೆ ತಿದ್ದಿಸುವರು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ 533 ಶಾಲೆಗಳ ವರದಿಯನ್ನು ಮದರಾಸಿಗೆ ಕಳುಹಿಸಿದನು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಮುಂದುವರಿದವರು ಹಿಂದಿನವರಿಗೆ ಕಲಿಸುವ ಪದ್ಧತಿಯನ್ನೂ, ಹಾಗೆ ಕಲಿಸುವುದರಿಂದ ಅವರ ಸ್ವಂತ ವಿದ್ಯೆ ಗಟ್ಟಿಯಾಗುವುದನ್ನೂ ಆತ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಸರಿಸಿದ್ದು ಯೋಗ್ಯವೇ ಆಯಿತೆಂದು ನುಡಿದನು. ಮದರಾಸಿನ ಅನಾಥಾಲಯದಲ್ಲಿ ಇದೇ ಬಗೆಯ ಪ್ರಯೋಗವನ್ನು ನಡೆಸಿದ ಆಂಡ್ರ್ಯೂ ಬೆಲ್ 1797ರಲ್ಲಿ ಅದರ ವೃತ್ತಾಂತವನ್ನು ಲಂಡನ್ನಿನಲ್ಲಿ ಪ್ರಕಟಿಸಿದ್ದನು. ಅರ್ಥವರಿಯದ ಗಿಣಿಪಾಠವನ್ನು ಕ್ಯಾಂಪ್‌ಬೆಲ್ ಕಟುವಾಗಿ ಆಕ್ಷೇಪಿಸಿದ್ದನೆಂಬುದನ್ನೂ ಮರೆಮಾಚುವುದು ಸಲ್ಲದು.

ಕಲಿಸುವ ಹುಡುಗನ ವಿದ್ಯೆಯೂ ಗಟ್ಟಿಯಾಗುವುದೆಂಬ ಆ ಮಾತಿಗೆ ಮುಂದೆ ಪುರಾವೆ ದೊರೆಯಿತು. ಮನೆಪಾಠದ 65 ಪ್ರಯೋಗಗಳನ್ನು 1982ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಕಲಿತ ಮಕ್ಕಳಂತೆಯೇ ಕಲಿಸಿದ ಮಕ್ಕಳಿಗೂ ಲಾಭವಾಗಿತ್ತು; ಓದುಗಾರಿಕೆಗಿಂತ ಗಣಿತದಲ್ಲಿ ಫಲ ಹೆಚ್ಚಾಗಿತ್ತು. ಕೊಣ್ಣೂರಿನಂಥ ಊರಿನ ಶಾಲೆಗೆ ಇದರಿಂದ ದೊರೆಯುವ ಸೂಚನೆ ಸರಳವಾದುದು. ಶಾಲೆ ಬಿಟ್ಟ ಮೇಲೆ ಒಂದು ತಾಸು, ವಾರಕ್ಕೆ ಮೂರು ದಿನ, ಹತ್ತನೆಯ ಇಯತ್ತೆಯ ಒಬ್ಬರಿಗೆ ಎಂಟನೆಯ ಇಯತ್ತೆಯ ಇಬ್ಬರು. ಮೇಲ್ವಿಚಾರಣೆಗೆ ಒಬ್ಬ ಗಣಿತ ಶಿಕ್ಷಕರು. ಬೇಕಾಗುವ ವೆಚ್ಚವೆಂದರೆ ದೀಪ, ಚಾಪೆ, ಪಾಟಿ, ಸಂಜೆಯ ಅಲ್ಪೋಪಹಾರ, ದೂರದ ಹಳ್ಳಿಗಳಿಗೆ ತಡವಾಗಿ ಹಿಂದಿರುಗುವ ಮಕ್ಕಳಿಗೆ ವಾಹನದ ಏರ್ಪಾಡು. ಹೆಣ್ಣುಮಕ್ಕಳು ಬರಬೇಕಾದರೆ ಈ ಕೊನೆಯದೇ ಮೊದಲನೆಯದು. ಕಟ್ಟಡಕ್ಕೆ ದಾನ ಕೊಡುವವರು ಇಂಥ ಬಾಬುಗಳನ್ನು ಸಣ್ಣವೆಂದು ಕಡೆಗಣಿಸುವುದುಂಟು.

ಹತ್ತನೆಯ ಇಯತ್ತೆಯವರ ದೊಡ್ಡ ದೋಷವೆಂದರೆ ಅವಸರ. ಕಿರಿಯನು ತಡವರಿಸಿದೊಡನೆ ಪೆನ್ಸಿಲನ್ನು ಕಸಿದುಕೊಂಡು ತಾವೇ ಬಿಡಿಸಿಬಿಡುತ್ತಾರೆ. ಆದುದರಿಂದ ಅವರಿಗೆ ಮೊದಲು ಒಂದು ವಾರ ಪಾಠ ಹೇಳುವುದನ್ನು ಕಲಿಸಬೇಕು. ಪೆನ್ಸಿಲು ಯಾವಾಗಲೂ ಕಿರಿಯನ ಕೈಯಲ್ಲಿಯೇ ಇರತಕ್ಕದ್ದು. ಈ ಅಕ್ಷರ ಯಾವುದರ ಎಣಿಕೆ, ಈ ಸಾಲಿನಿಂದ ಆ ಸಾಲಿಗೆ ಏನು ಮಾಡಿದೆ, ಬಂದ ಉತ್ತರವನ್ನು ಮೊದಲಿನ ಸಾಲಿನಲ್ಲಿಟ್ಟು ನೋಡಿದೆಯಾ, ಎಂಬ ಮೂರು ಪ್ರಶ್ನೆಗಳಾಚೆಗೆ ಮೊದಲ ತಿಂಗಳು ಅವರು ಹೋಗದಿದ್ದರೂ ನಡೆಯುತ್ತದೆ. ದಿನದ ಕೊನೆಗೆ ಕಿರಿಯನು ಮಾಡಿದ ತಪ್ಪನ್ನು ತಿದ್ದದೆ, ಇದ್ದುದಿದ್ದಂತೆ ಒಂದು ವಹಿಯಲ್ಲಿ ಬರೆದಿಡಬೇಕು, ಅದರ ಪಕ್ಕದಲ್ಲಿ ಅವನು ಹೇಳಿದ ಕಾರಣವನ್ನೂ. ಗಣಿತ ಶಿಕ್ಷಕರು ವಾರಕ್ಕೊಮ್ಮೆ ಆ ವಹಿಯನ್ನು ಓದಿದರೆ ಮರುವಾರದ ತರಗತಿಯಲ್ಲಿ ಯಾವ ಪಾಠವನ್ನು ಹಿಂದಿರುಗಿ ಹೇಳಬೇಕೆಂಬುದು ಅವರಿಗೆ ಅದರಲ್ಲಿಯೇ ಕಾಣುತ್ತದೆ.